ಪಕ್ಕದವರ ಅಂಗೈ ನೋಡುವ ಚಟ

ಕಳೆದ ಶ್ರಾವಣದಲ್ಲಿ ನಮ್ಮೂರ ಮಠದಲ್ಲಿ ಒಂದು ತಿಂಗಳ ಪ್ರವಚನ ನಡೆಯಿತು. ಕೊನೆಯ ದಿನ ದಾಸೋಹಕ್ಕೆ ಕೊಟ್ಟವರ ಹೆಸರುಗಳನ್ನು ಮೈಕಿನಲ್ಲಿ ಓದಿದರು. ನಾನು ಒಂದು ಚೀಲ ಅಕ್ಕಿ ಕೊಟ್ಟಿದ್ದೆ. ನಮ್ಮ ಓಣಿಯವರೊಬ್ಬರು ಹತ್ತು ಚೀಲ ಕೊಟ್ಟಿದ್ದರು. ಅವರನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ನನ್ನ ಹೆಸರು ಪಟ್ಟಿಯ ತುದಿಯಲ್ಲಿ, ಜನ ಪ್ರಸಾದಕ್ಕೆ ಏಳುವ ಗದ್ದಲದಲ್ಲಿ ಬಂದು ಹೋಯಿತು. ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದೆ. ವಿಷಯ ತಿಳಿದ ನಮ್ಮ ಮನೆಯವರು ಕೇಳಿದರು: “ಅಲ್ರೀ, ಅಕ್ಕಿ ಕೊಟ್ಟಿದ್ದು ಉಣ್ಣೋ ಮಂದಿಗೋ, ಮೈಕಿಗೋ?”

ಮೂವತ್ತು ವರ್ಷ ಶಾಲೆಯಲ್ಲಿ ಶರಣರ ಕಥೆ ಹೇಳಿದ ಮಾಸ್ತರ ನಾನು. ನನ್ನಲ್ಲಿ ಉತ್ತರವಿರಲಿಲ್ಲ. ಅಕ್ಕಿ ಬೆಂದಿತ್ತು, ಜನ ಉಂಡಿದ್ದರು. ಯಾವ ಅಗುಳು ನನ್ನ ಚೀಲದ್ದು, ಯಾವುದು ಅವರ ಚೀಲದ್ದು ಎಂದು ಉಂಡವರಿಗೆ ಗೊತ್ತಿರಲಿಲ್ಲ. ಲೆಕ್ಕ ಉಳಿದದ್ದು ನನ್ನ ತಲೆಯಲ್ಲಿ ಮಾತ್ರ.

ಈ ಚಟ ನನಗೆ ಹೊಸದಲ್ಲ. ನನ್ನ ಮಗ ಪಂಪ್‌ಸೆಟ್ ಮೋಟಾರ್ ರಿಪೇರಿಯ ಅಂಗಡಿ ಇಟ್ಟಿದ್ದಾನೆ. ಅಣ್ಣನ ಮಗ ಬೆಂಗಳೂರಿನಲ್ಲಿ ಇಂಜಿನಿಯರ್. ಹಬ್ಬ ಬಂದರೆ, ಮದುವೆ ಬಂದರೆ ಇಬ್ಬರನ್ನೂ ತಕ್ಕಡಿಗೆ ಹಾಕುತ್ತಿದ್ದವನು ನಾನೇ. ಎರಡು ವರ್ಷದ ಹಿಂದೆ ಅಣ್ಣನ ಮನೆಯ ತೊಟ್ಟಿಲ ಕಾರ್ಯಕ್ಕೆ ಮಗ ಬರಲಿಲ್ಲ. ಕೇಳಿದಾಗ ಹೇಳಿದ: “ಅಪ್ಪಾ, ಅಲ್ಲಿಗೆ ಬಂದ್ರ ನನಗ ಹೆಸರ ಇರೂದಿಲ್ಲ. ಅಣ್ಣನಕಿಂತ ಕಡಿಮಿ ಅನ್ನೋದಷ್ಟ ನನ್ನ ಹೆಸರು.” ಬೇಸಿಗೆಯಲ್ಲಿ ಮೋಟಾರ್ ಸುಟ್ಟರೆ ಊರಿನ ರೈತರು ನಡುರಾತ್ರಿ ಬಾಗಿಲು ಬಡಿಯುವುದು ಇವನದೇ. ಅದನ್ನು ನಾನು ಒಂದು ದಿನವೂ ತೂಗಲಿಲ್ಲ.

1954ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಒಂದು ಸಿದ್ಧಾಂತ ಮಂಡಿಸಿದರು. ನೇರವಾದ ಅಳತೆಗೋಲು ಇಲ್ಲದ ಕಡೆ ಮನುಷ್ಯ ಇತರರೊಂದಿಗೆ ಹೋಲಿಸಿಕೊಂಡು ತನ್ನನ್ನು ಅಳೆದುಕೊಳ್ಳುತ್ತಾನೆ ಎಂಬುದು ಅದರ ಸಾರ. ಹಾಗಾದರೆ ನಮ್ಮ ಬಳಿ ಅಳತೆಗೋಲು ಇಲ್ಲವೇ? 12ನೆಯ ಶತಮಾನದಲ್ಲೇ ಶರಣರು ಕೊಟ್ಟಿದ್ದಾರೆ. ಅದು ಕಾಯಕ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಲಕ್ಕಮ್ಮನವರು ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರಲು ಹೇಳಿದ ಕಥೆ ನಮಗೆಲ್ಲ ಗೊತ್ತು. ಆ ತಾಯಿ ಪಕ್ಕದ ಮನೆಯವರು ಎಷ್ಟು ತಂದರು ಎಂದು ಕೇಳಲಿಲ್ಲ. ನಮ್ಮ ದಾಸೋಹಕ್ಕೆ ಎಷ್ಟು ಬೇಕು, ತಂದದ್ದು ಸತ್ಯಶುದ್ಧವೇ ಎಂದಷ್ಟೇ ನೋಡಿದರು.

ಹೋಲಿಕೆ ಇಲ್ಲದಿದ್ದರೆ ಮುಂದೆ ಬರುವುದು ಹೇಗೆ ಎಂದು ಕೆಲವರು ಕೇಳುತ್ತಾರೆ. ಇನ್ನೊಬ್ಬರ ಒಳ್ಳೆಯ ಕೆಲಸ ನೋಡಿ ಕಲಿಯುವುದು ಬೇರೆ, ಅವರು ಮೇಲೆ ಎಂದು ಕುಗ್ಗುವುದು, ಇವರು ಕೆಳಗೆ ಎಂದು ಬೀಗುವುದು ಬೇರೆ. ಎರಡನೆಯದಕ್ಕೆ ಯಾವಾಗಲೂ ಕೆಳಗೊಬ್ಬ ಬೇಕು. ಜಾತಿಯೂ ನಿಂತಿರುವುದು ಇದರ ಮೇಲೆಯೇ ಅಲ್ಲವೇ? ಹರಳಯ್ಯ, ಮಧುವರಸರ ಮನೆಗಳ ನಡುವಿನ ಮದುವೆಯನ್ನು ವೇದಿಕೆಯಲ್ಲಿ ಕೊಂಡಾಡುವ ನಾವು, ಮನೆಗೆ ಸಂಬಂಧ ಬಂದಾಗ ಮೊದಲು ಕೇಳುವುದು ಒಳಪಂಗಡ. ಓಣಿಯವರ ಹತ್ತು ಚೀಲ ನೋಡಿ ನೊಂದ ನನ್ನ ಮನಸ್ಸೂ, ಒಳಪಂಗಡ ಕೇಳುವ ಮನಸ್ಸೂ ಒಂದೇ ಎಂದು ನನಗೀಗ ಅನ್ನಿಸುತ್ತದೆ. ಎರಡಕ್ಕೂ ಮೆಟ್ಟಿಲು ಬೇಕು.

ಇಷ್ಟಲಿಂಗ ಪೂಜೆಯಲ್ಲಿ ದೃಷ್ಟಿ ಇಡುವುದು ನಮ್ಮ ಅಂಗೈ ಮೇಲೆ. ಪಕ್ಕದವರ ಅಂಗೈ ಇಣುಕಿದರೆ ದೃಷ್ಟಿ ನಿಲ್ಲುವುದಿಲ್ಲ. ಬೆಳಗ್ಗೆ ಅರ್ಧ ಗಂಟೆ ಕಲಿತ ಈ ಪಾಠವನ್ನು ಉಳಿದ ದಿನವೆಲ್ಲ ಮರೆತರೆ ಆ ಪೂಜೆಗೆ ಏನರ್ಥ?

ಅದಕ್ಕೇ ಪೂಜ್ಯರಲ್ಲಿ, ಮಠಗಳ ಸಮಿತಿಯವರಲ್ಲಿ ನನ್ನದೊಂದು ವಿನಂತಿ. ದಾಸೋಹದ ಲೆಕ್ಕ ಪಾರದರ್ಶಕವಾಗಿರಲಿ, ಪುಸ್ತಕ ಎಲ್ಲರಿಗೂ ತೆರೆದಿರಲಿ. ಆದರೆ ಹೆಸರಿನ ಜೊತೆ ಮೊತ್ತ ಓದುವುದನ್ನು, ಮೊತ್ತ ನೋಡಿ ಶಾಲು ಹೊದಿಸುವುದನ್ನು ನಿಲ್ಲಿಸೋಣ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಎಂದು ಶರಣರ ಹೆಸರಿನ ಜೊತೆ ಉಳಿದದ್ದು ಅವರ ಕಾಯಕ. ಅವರು ಎಷ್ಟು ಕೊಟ್ಟರೆಂಬುದನ್ನು ಯಾರೂ ಬರೆದಿಡಲಿಲ್ಲ. ಮನೆಯಲ್ಲಿಯೂ ಮಕ್ಕಳಿಗೆ “ಅವನಿಗೆಷ್ಟು ಅಂಕ?” ಎಂದು ಕೇಳುವ ಬದಲು “ನೀನೇನು ಕಲಿತೆ?” ಎಂದು ಕೇಳೋಣ.

ಹೋದ ವಾರ ಮಗನ ಅಂಗಡಿಗೆ ಹೋಗಿ ಒಂದು ಮಧ್ಯಾಹ್ನ ಕುಳಿತಿದ್ದೆ. ಅವನು ತಾಮ್ರದ ತಂತಿ ಸುತ್ತುತ್ತಿದ್ದ. ಒಂದು ಸುತ್ತು ಹೆಚ್ಚು ಕಡಿಮೆಯಾಗದಂತೆ ಬಾಯಲ್ಲೇ ಎಣಿಸುತ್ತಿದ್ದ. ಎಣಿಕೆ ಮುಗಿಯುವವರೆಗೆ ತಲೆ ಎತ್ತಲಿಲ್ಲ. ಮುಗಿದ ಮೇಲೆ “ಚಹಾ ಕುಡೀತೀ ಏನಪ್ಪಾ?” ಎಂದ. ಅಣ್ಣನ ಮಗನ ಸುದ್ದಿ ನಾನೂ ತೆಗೆಯಲಿಲ್ಲ, ಅವನೂ ತೆಗೆಯಲಿಲ್ಲ.

ಈ ಶ್ರಾವಣದಲ್ಲೂ ಒಂದು ಚೀಲ ಅಕ್ಕಿ ಕೊಡುತ್ತೇನೆ, ಹೆಸರು ಬರೆಸುವುದಿಲ್ಲ. ಆದರೂ ಪಟ್ಟಿ ಓದುವಾಗ ಕಿವಿ ಅತ್ತ ಹೋದೀತು. ಆಗ ನನ್ನ ಅಂಗೈ ನೋಡಿಕೊಳ್ಳುತ್ತೇನೆ. ಶರಣು ಶರಣಾರ್ಥಿ.