‘ಕೋಡ್ 43’ ಬಂದರೆ ಗ್ರಾಫಿಕ್ಸ್ ಕಾರ್ಡ್ ಸುಟ್ಟುಹೋಗಿದೆ ಎಂದರ್ಥವೇ?

ಲಿನಕ್ಸ್ ಕಂಪ್ಯೂಟರಿನಲ್ಲಿ ವರ್ಚುವಲ್ ಮಷಿನ್ ಮಾಡಿ, ಅದರೊಳಗೆ ವಿಂಡೋಸ್ ಹಾಕಿ, ಗ್ರಾಫಿಕ್ಸ್ ಕಾರ್ಡನ್ನು ನೇರವಾಗಿ ಅದಕ್ಕೇ ಬಿಟ್ಟುಕೊಡುವುದಕ್ಕೆ ಪಾಸ್‌ಥ್ರೂ ಎನ್ನುತ್ತಾರೆ. ಆಗ ಡಿವೈಸ್ ಮ್ಯಾನೇಜರ್‌ನಲ್ಲಿ ‘ಕೋಡ್ 43’ ಕಂಡರೆ ‘ಕಾರ್ಡ್ ಹೋಯ್ತು, ಹೊಸದು ತಗೊಳ್ಳಿ’ ಎನ್ನುವವರಿದ್ದಾರೆ. ಸಾವಿರಾರು ರೂಪಾಯಿಯ ಮಾತು, ಸ್ವಲ್ಪ ತಡೆಯಿರಿ.

ಸಾಧನವೇ ತೊಂದರೆ ಇದೆ ಎಂದು ತಿಳಿಸಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ, ಈ ಕೋಡ್ ಹೇಳುವುದು ಇಷ್ಟೇ. ಎನ್ವಿಡಿಯಾದ ಜಿಫೋರ್ಸ್ ಡ್ರೈವರ್ ಹಲವು ವರ್ಷಗಳ ಕಾಲ, ತಾನು ವರ್ಚುವಲ್ ಮಷಿನ್‌ನಲ್ಲಿದ್ದೇನೆ ಎಂದು ಗೊತ್ತಾದರೆ ಕೆಲಸ ಮಾಡಲು ಒಪ್ಪುತ್ತಲೇ ಇರಲಿಲ್ಲ. ಜನ ಹೈಪರ್‌ವೈಸರ್‌ನ ಗುರುತು ಮರೆಮಾಚಿ ಡ್ರೈವರ್‌ಗೇ ಚಳ್ಳೆಹಣ್ಣು ತಿನ್ನಿಸುತ್ತಿದ್ದರು! 2021ರಲ್ಲಿ 465 ಸರಣಿಯ ಡ್ರೈವರ್ ಮೂಲಕ ಕಂಪನಿಯೇ ಇದಕ್ಕೆ ಅವಕಾಶ ಕೊಟ್ಟಿತು. ಕಾರ್ಡ್ ಹಳೆಯದೇ, ಬದಲಾದದ್ದು ಸಾಫ್ಟ್‌ವೇರ್.

ಕಾರ್ಡ್ ನಿಜಕ್ಕೂ ಕೆಟ್ಟಿದೆಯೇ ಎಂದು ತಿಳಿಯಲು ವರ್ಚುವಲ್ ಮಷಿನ್ ಇಲ್ಲದೆ ನೇರವಾಗಿ ಓಡಿಸಿ ನೋಡಿ. ಅಲ್ಲಿ ಸರಿಯಿದ್ದರೆ ಡ್ರೈವರ್ ಹಳೆಯದೇ ಎಂದು ಪರಿಶೀಲಿಸಿ.

ಪಾಸ್‌ಥ್ರೂ ಶುರುವೇ ಆಗದಿದ್ದರೆ ಬಯೋಸ್ ತೆರೆಯಿರಿ. ಇಂಟೆಲ್‌ನಲ್ಲಿ ವಿಟಿ-ಎಕ್ಸ್ ಆನ್ ಮಾಡಿದರೆ ಸಾಲದು, ವಿಟಿ-ಡಿ ಕೂಡ ಬೇಕು. ಎಎಂಡಿಯಲ್ಲಿ ಐಒಎಂಎಂಯು ಎಂದಿರುತ್ತದೆ. ಸಾಧನಗಳು ಯಾವ ಮೆಮೊರಿ ಮುಟ್ಟಬಹುದು ಎಂದು ಕಾವಲು ಕಾಯುವುದು ಇದೇ. ಒಂದೇ ಐಒಎಂಎಂಯು ಗುಂಪಿನ ಸಾಧನಗಳನ್ನು ಹೋಸ್ಟ್ ಮತ್ತು ಗೆಸ್ಟ್ ನಡುವೆ ಹಂಚುವಂತಿಲ್ಲ. ಕಾರ್ಡ್ ಜೊತೆಗಿರುವ ಎಚ್‌ಡಿಎಂಐ ಆಡಿಯೊವನ್ನೂ ಸಾಮಾನ್ಯವಾಗಿ ಒಟ್ಟಿಗೇ ಕೊಡಬೇಕಾಗುತ್ತದೆ. ಈ ಗುಂಪನ್ನು ಒಡೆಯುವ ‘ಎಸಿಎಸ್ ಓವರ್‌ರೈಡ್’ ಪ್ಯಾಚ್ ಇದೆ ನಿಜ, ಆದರೆ ಅದು ಸಾಧನಗಳ ನಡುವಿನ ಕಾವಲನ್ನೇ ಸಡಿಲಿಸುತ್ತದೆ. ಬ್ಯಾಂಕ್ ಕೆಲಸ ಮಾಡುವ ಕಂಪ್ಯೂಟರಿಗೆ ಅದನ್ನು ನಾವು ಸೂಚಿಸುವುದಿಲ್ಲ.