ಪುಟ್ಟಮ್ಮ ಕೋಂ ಯಾರು?

1999ರ ಸೆಪ್ಟೆಂಬರ್ ಚುನಾವಣೆಯಲ್ಲಿ ನನ್ನನ್ನು ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಶಾಲೆಗೆ ಪೋಲಿಂಗ್ ಡ್ಯೂಟಿಗೆ ಹಾಕಿದ್ದರು. ಬೆರಳಿಗೆ ಶಾಯಿ ಹಚ್ಚುವುದು ನನ್ನ ಕೆಲಸ. ಹೊಗೆಸೊಪ್ಪು ಮುರಿಯುವ ಕಾಲ. ಸೊಪ್ಪಿನ ಅಂಟು ಹಿಡಿದು ಹೆಂಗಸರ ಬೆರಳೆಲ್ಲ ಮೊದಲೇ ಕರ್ರಗಿದ್ದವು. ಮೈಸೂರಿನ ಶಾಯಿ ಎಲ್ಲಿ ಕಾಣಬೇಕು? ಉಗುರಿನ ಬುಡಕ್ಕೆ ಎರಡೆರಡು ಸಲ ಗೆರೆ ಎಳೆಯುತ್ತಿದ್ದೆ.

ಮಧ್ಯಾಹ್ನ ಒಬ್ಬ ಅಜ್ಜಿ ಚೀಟಿಯಿಲ್ಲದೆ ಬಂದರು. ಹೆಸರು ಪುಟ್ಟಮ್ಮ. ಪಟ್ಟಿಯಲ್ಲಿ ನಾಲ್ಕು ಜನ ಪುಟ್ಟಮ್ಮಂದಿರು. ‘ಯಜಮಾನರ ಹೆಸರೇನಮ್ಮ?’ ಅಂದರೆ ಸೆರಗು ಬಾಯಿಗೆ ಹೋಯಿತು. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅಂತ ಬೆಳೆದ ಜೀವ. ‘ಬ್ಯಾರನ್ ಪಕ್ಕದ ಮನೆ ಕಣವ್ವ ನಂದು’ ಅಂದರು. ಮತದಾರರ ಪಟ್ಟಿಯಲ್ಲಿ ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗೆ ಕಾಲಂ ಇಲ್ಲ. ಕೊನೆಗೆ ಮೂಲೆಯಲ್ಲಿ ಕೂತಿದ್ದ ಏಜೆಂಟ್ ಹುಡುಗ ಆ ಗಂಡನ ಹೆಸರು ಕೂಗಿ ಹೇಳಿದ ಮೇಲೆ ಅಜ್ಜಿಗೆ ಬ್ಯಾಲೆಟ್ ಸಿಕ್ಕಿತು.

ನಮ್ಮ ಹಳೇ ಮೈಸೂರಿನ ದಾಖಲೆಗಳಲ್ಲಿ ಗಂಡಸಿನ ಹೆಸರಿನ ಮುಂದೆ ‘ಬಿನ್’, ಅಂದರೆ ಇಂಥವನ ಮಗ. ಮದುವೆಯಾದ ಹೆಂಗಸಿಗೆ ‘ಕೋಂ’, ಅಂದರೆ ಇಂಥವನ ಹೆಂಡತಿ. ಯಾವ ಹೆಸರನ್ನು ಅವಳು ಬಾಯಿ ಬಿಟ್ಟು ಹೇಳಬಾರದೋ ಅದೇ ಅವಳ ಗುರುತು! 1951–52ರ ಮೊದಲ ಮಹಾಚುನಾವಣೆಯಲ್ಲಿ ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಬಿದ್ದರು. ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನದ ಕಡೆಯವರು. ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಹಟ ಬಿಡಲಿಲ್ಲ, ಸ್ವಂತ ಹೆಸರಿಲ್ಲದೆ ಮತವಿಲ್ಲ ಅಂದರು. ಅಷ್ಟು ಜನ ಒಂದು ಚುನಾವಣೆ ಕಳೆದುಕೊಂಡದ್ದು ಅನ್ಯಾಯವೇ. ಆದರೂ ನಾನು ಸೇನ್ ಪಕ್ಷ.

ಬರೀ ವೋಟಿನ ಮಾತಾದರೆ ನಮ್ಮ ಸೀಮೆ ಹಿಂದೆ ಬಿದ್ದದ್ದಲ್ಲ. 1917ರಲ್ಲಿ ಸರೋಜಿನಿ ನಾಯ್ಡು, ಮಾರ್ಗರೆಟ್ ಕಸಿನ್ಸ್ ಮೊದಲಾದವರು ಮದ್ರಾಸಿನಲ್ಲಿ ಬ್ರಿಟಿಷ್ ಸರ್ಕಾರದ ಭಾರತ ಮಂತ್ರಿ ಮಾಂಟೆಗು ಅವರನ್ನು ಕಂಡು ಹೆಂಗಸರಿಗೂ ಮತ ಕೊಡಿ ಎಂದು ಕೇಳಿದರು. ಮೈಸೂರು ಪ್ರಜಾಪ್ರತಿನಿಧಿ ಸಭೆಗೆ 1923ರಲ್ಲೇ ಹೆಂಗಸರು ಮತದಾರರಾಗಬಹುದಿತ್ತು. ಇಂಗ್ಲೆಂಡಿನವರಿಗೆ ಗಂಡಸರ ಸಮಕ್ಕೆ ಮತ ಸಿಕ್ಕಿದ್ದು 1928ರಲ್ಲಿ, ಸ್ವಿಟ್ಜರ್ಲೆಂಡಿನವರು 1971ರವರೆಗೆ ಕಾದರು. ಆದರೆ ಮೈಸೂರಿನ ಆ ಮತ ಎಲ್ಲರಿಗೂ ಅಲ್ಲ, ಆಸ್ತಿಪಾಸ್ತಿ ಇದ್ದವರಿಗೆ. ಪಹಣಿಯಲ್ಲಿ ಹೆಸರೇ ಇಲ್ಲದವಳಿಗೆ ಅದು ದಕ್ಕುವುದು ಹೇಗೆ?

ಪಹಣಿಯ ವಿಷಯದಲ್ಲಿ ನಾನೂ ಶುದ್ಧಳಲ್ಲ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತು, ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಅದನ್ನು ಹೈಸ್ಕೂಲಿನಲ್ಲಿ ಪಾಠ ಮಾಡಿದವಳು ನಾನು. ಅಪ್ಪ ತೀರಿಕೊಂಡ ವರ್ಷ ತಮ್ಮಂದಿರು ಕಾರು ತಂದು ಕರೆದುಕೊಂಡು ಹೋದರು. ಸಬ್‌ ರಿಜಿಸ್ಟ್ರಾರ್ ಆಫೀಸಿನ ಎದುರಿನ ಹೋಟೆಲಿನಲ್ಲಿ ಮಸಾಲೆ ದೋಸೆ ಕೊಡಿಸಿದರು. ‘ಅಕ್ಕಾ, ಇಲ್ಲೊಂದು ಸೈನು, ಇಲ್ಲೊಂದು’ ಎಂದು ಪುಟ ತಿರುವಿದರು. ಅದು ಹಕ್ಕು ಖುಲಾಸೆ ಪತ್ರ. ಅದರಲ್ಲೂ ನಾನು ‘ಕೋಂ’. ಮನೆಗೆ ಬಂದ ಮೇಲೆ ತಮ್ಮನ ಹೆಂಡತಿ ಅರಿಶಿನ ಕುಂಕುಮ ಕೊಟ್ಟು ರೇಷ್ಮೆ ಸೀರೆ ಉಡಿಸಿದಳು. ತೌರಿನ ಬಾಗಿಲು ಮುಚ್ಚಬಾರದಲ್ಲ, ಅದಕ್ಕೇ ಎಲ್ಲ ಹೆಣ್ಣುಮಕ್ಕಳೂ ಸೈನು ಹಾಕುವುದು. ಸೀರೆ ಬೀರುವಿನಲ್ಲಿದೆ. ಎರಡು ಸಲ ಉಟ್ಟಿರಬಹುದು.

ಇನ್ನು ಕುರ್ಚಿಯ ಮಾತು. ಪಂಚಾಯಿತಿಯಲ್ಲಿ ಹೆಣ್ಣಿಗೆ ಕಾಲುಭಾಗ ಸೀಟು ಎಂದು 1983ರ ಕಾಯ್ದೆಯಲ್ಲೇ ಬರೆದ ರಾಜ್ಯ ನಮ್ಮದು. 2010ರಿಂದ ಅರ್ಧ. ಚನ್ನರಾಯಪಟ್ಟಣದ ಕಡೆಯ ಒಂದು ಪಂಚಾಯಿತಿಗೆ ಶಾಲೆಯ ಕಾಂಪೌಂಡಿನ ಅರ್ಜಿ ಹಿಡಿದು ಹೋದಾಗ, ‘ಅಧ್ಯಕ್ಷರು ತೋಟಕ್ಕೆ ಹೋಗವ್ರೆ, ಬರ್ತಾರೆ’ ಅಂದರು. ಬಂದದ್ದು ಗಂಡಸು! ಅಧ್ಯಕ್ಷೆ ಮನೆಯಲ್ಲಿ ಕೊಬ್ಬರಿ ಒಣಹಾಕುತ್ತಿದ್ದರಂತೆ. ಇದನ್ನು ಹೇಳಿ ನಕ್ಕು, ಮೀಸಲಾತಿಯೇ ದಂಡ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ದಂಡವಾಗಿರುವುದು ಆ ಗಂಡನಿಗೆ ಕುರ್ಚಿ ಎಳೆದು ಕೊಡುವ ಸಿಬ್ಬಂದಿಯ ಸಂಬಳ. ಸಭೆ ನಡೆಯುವಾಗ ಅವನನ್ನು ಹೊರಗೆ ಕಳಿಸಲು ಹೊಸ ಕಾನೂನು ಬೇಕೇ?

ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅರ್ಧ ಸೀಟು ಕೊಟ್ಟು ಬೆಂಚನ್ನೇ ಎತ್ತಿಟ್ಟ ಹಾಗೆ. ಹಾಸನ ಲೋಕಸಭಾ ಕ್ಷೇತ್ರದಿಂದಂತೂ 1952ರಿಂದ ಇಲ್ಲಿಯವರೆಗೆ ಒಬ್ಬ ಹೆಂಗಸೂ ಗೆದ್ದು ಹೋಗಿಲ್ಲ. ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಪಾಲು ಎಂಬ 2023ರ ತಿದ್ದುಪಡಿಯನ್ನು ಜನಗಣತಿಗೂ ಕ್ಷೇತ್ರ ವಿಂಗಡಣೆಗೂ ಗಂಟು ಹಾಕಿ ಇಟ್ಟರು.

ಮತ್ತೆ ಹೆಸರಿನ ಮಾತಿಗೇ ಬಂದರೆ, ಶ್ರವಣಬೆಳಗೊಳಕ್ಕೆ ಮಕ್ಕಳನ್ನು ಟೂರ್ ಕರೆದುಕೊಂಡು ಹೋದಾಗಲೆಲ್ಲ ಬೆಟ್ಟ ಇಳಿದ ಮೇಲೆ ಅಕ್ಕನ ಬಸದಿಗೆ ಕರೆದೊಯ್ಯುತ್ತಿದ್ದೆ. 1181ರಲ್ಲಿ ಆಚಿಯಕ್ಕ ಕಟ್ಟಿಸಿದ್ದು. ಗಂಡ ಚಂದ್ರಮೌಳಿ ವೀರಬಲ್ಲಾಳನ ಮಂತ್ರಿ. ಗಂಡ ಶೈವ, ಹೆಂಡತಿ ಜೈನಳು. ಮಂತ್ರಿಯ ಬಸದಿ ಅಂತ ಅದನ್ನು ಊರಲ್ಲಿ ಯಾರೂ ಅನ್ನುವುದಿಲ್ಲ.

ಹೊಳೆನರಸೀಪುರದ ನಮ್ಮ ಮನೆ ನನ್ನ ಹೆಸರಿನಲ್ಲಿದೆ, ನನ್ನ ಪಿಎಫ್ ದುಡ್ಡಿನಲ್ಲಿ ಕಟ್ಟಿದ್ದು. ಕಳೆದ ಯುಗಾದಿಗೆ ಮಗ ಬಂದಿದ್ದಾಗ ಊಟಕ್ಕೆ ಕೂತು ಹೇಳಿದೆ, ‘ನಾಳೆ ನಾನು ಹೋದ ಮೇಲೆ ಅಕ್ಕನ್ನ ಕಾರಲ್ಲಿ ಕೂರಿಸ್ಕೊಂಡು ದೋಸೆ ಕೊಡಿಸೋಕೆ ಹೋಗ್ಬೇಡಪ್ಪ’ ಅಂತ. ‘ಏನಮ್ಮಾ ನೀನು, ಹಬ್ಬದ ದಿನ’ ಅಂದ. ಮಗಳು ಹೋಳಿಗೆಗೆ ತುಪ್ಪ ಹಾಕುತ್ತಿದ್ದವಳು ತಲೆ ಎತ್ತಲಿಲ್ಲ.