ಪರವಾನಗಿ ಇದೆ, ಪಗಾರ ಎಲ್ಲಿ?

ವೈದ್ಯರಿಗೆ ನೋಂದಣಿ ಕಡ್ಡಾಯ, ನರ್ಸುಗಳಿಗೂ ಕಡ್ಡಾಯ. ಕೌನ್ಸಿಲ್ ಪಟ್ಟಿಯಲ್ಲಿ ಹೆಸರಿಲ್ಲದವರು ಈ ಎರಡೂ ಕೆಲಸ ಮಾಡುವಂತಿಲ್ಲ. ಆದರೆ ಒಂದೇ ವಾರ್ಡಿನಲ್ಲಿ ದುಡಿಯುವ ಈ ಇಬ್ಬರ ಸಂಬಳಕ್ಕೆ ಅಜಗಜಾಂತರ. ಓದಿನ ವರ್ಷಗಳ ಲೆಕ್ಕವೊಂದರಿಂದಲೇ ಈ ಅಂತರ ಬಗೆಹರಿಯುವುದಿಲ್ಲ. ಲೈಸೆನ್ಸ್ ಯಾರ ಸಂಬಳ ಏರಿಸುತ್ತದೆ, ಯಾರ ಪಾಲಿಗೆ ಬರೀ ಕಾಗದವಾಗಿ ಉಳಿಯುತ್ತದೆ ಎಂಬುದನ್ನು ನೋಡಬೇಕು.

ಲೈಸೆನ್ಸ್ ಮೇಲೆ ಅರ್ಥಶಾಸ್ತ್ರಜ್ಞರಿಗೆ ಅನುಮಾನ ಹಳೆಯದು. ಗುಣಮಟ್ಟ ಕಾಯುವ ನೆಪದಲ್ಲಿ ಒಳಗಿದ್ದವರು ಹೊರಗಿನವರಿಗೆ ಬಾಗಿಲು ಹಾಕುತ್ತಾರೆಂದು ಮಿಲ್ಟನ್ ಫ್ರೀಡ್‌ಮನ್ 1962ರಲ್ಲೇ ವಾದಿಸಿದ್ದರು. ಅಮೆರಿಕದಲ್ಲಿ 1950ರ ದಶಕದಲ್ಲಿ ಲೈಸೆನ್ಸ್ ಬೇಕಾಗಿದ್ದದ್ದು ಶೇ. 5ಕ್ಕೂ ಕಡಿಮೆ ಕೆಲಸಗಾರರಿಗೆ. 2006ರ ಹೊತ್ತಿಗೆ ಅದು ಶೇ. 29 ಆಗಿತ್ತು. ಈ ಲೆಕ್ಕ ಹಾಕಿದ ಮಾರಿಸ್ ಕ್ಲೈನರ್ ಮತ್ತು ಅಲನ್ ಕ್ರೂಗರ್, ಲೈಸೆನ್ಸ್ ಇದ್ದವರ ಗಳಿಕೆ ಸುಮಾರು ಶೇ. 15ರಷ್ಟು ಹೆಚ್ಚು ಎಂದರು. ಯೂನಿಯನ್‌ನಿಂದ ಆಗುವ ಹೆಚ್ಚಳವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಯೂನಿಯನ್ ತನ್ನ ಸದಸ್ಯರ ನಡುವಿನ ಸಂಬಳದ ಏರುಪೇರನ್ನು ತಗ್ಗಿಸುತ್ತದೆ, ಲೈಸೆನ್ಸ್ ತಗ್ಗಿಸುವುದಿಲ್ಲ.

ಆ ಶೇ. 15 ಎಂಬುದೂ ಸರಾಸರಿ ಮಾತ್ರ. ಬಾಗಿಲಲ್ಲಿ ತಲೆ ಎಣಿಸುವವರಿದ್ದರೆ ಲೈಸೆನ್ಸಿಗೆ ಬೆಲೆ. ಮೆಡಿಕಲ್ ಸೀಟು ಎಣಿಕೆಯದು, ಸಿ.ಎ. ಪರೀಕ್ಷೆ ದಾಟುವವರು ಕೆಲವರೇ. ವಕೀಲಿಕೆಗೂ ಸನ್ನದು ಬೇಕು, ಆದರೆ ಎಷ್ಟು ಜನರಿಗೆ ಕೊಡಬೇಕೆಂಬ ಮಿತಿ ಇಲ್ಲ. ಸಾಮಾನ್ಯ ವರ್ಗದವರಿಂದಲೂ ನೋಂದಣಿಗೆ 750 ರೂಪಾಯಿಗಿಂತ ಹೆಚ್ಚು ಪಡೆಯಬಾರದೆಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನ್ಯಾಯವೇ. ಆದರೆ ಕಪ್ಪು ಕೋಟು ತೊಟ್ಟ ಮಾತ್ರಕ್ಕೆ ಯಾವ ಜೂನಿಯರ್‌ನ ಬಾಡಿಗೆಯೂ ಹುಟ್ಟುವುದಿಲ್ಲ.

ಲೈಸೆನ್ಸಿನ ಲಾಭ ಕೆಲಸ ಮಾಡಿದವನಿಗೇ ಸೇರುತ್ತದೆ ಎಂಬ ಖಾತರಿಯೂ ಇಲ್ಲ. ಮನೆ ಕಟ್ಟಿಸಿದವರಿಗೆ ಇದು ಗೊತ್ತಿರುವ ಸಂಗತಿ. ಗೋಡೆ ಕೊರೆದು, ಪೈಪಿನೊಳಗೆ ತಂತಿ ಎಳೆದು, ಸ್ವಿಚ್ ಬೋರ್ಡ್ ಕೂರಿಸುವ ಹುಡುಗ ದಿನಗೂಲಿಯವನು. ಮೀಟರ್ ಬೇಕಾದಾಗ ವೈರಿಂಗ್ ವರದಿಗೆ ಸಹಿ ಹಾಕುವವರು ಲೈಸೆನ್ಸ್ ಇರುವ ಗುತ್ತಿಗೆದಾರರು. ಎಷ್ಟೋ ಕಡೆ ಅವರು ಆ ಮನೆಯ ಹೊಸ್ತಿಲು ಕೂಡ ತುಳಿದಿರುವುದಿಲ್ಲ. ಅಲ್ಲಿ ಕೈಚಳಕಕ್ಕೆ ಕೂಲಿ, ಸಹಿಗೆ ಫೀಸು. ಸುರಕ್ಷತೆಗಾಗಿ ಮಾಡಿದ ನಿಯಮ ಸಹಿಯ ವ್ಯಾಪಾರವಾದರೆ ಮನೆಯವರಿಗೂ ರಕ್ಷಣೆಯಿಲ್ಲ, ಆ ಹುಡುಗನಿಗೂ ಲಾಭವಿಲ್ಲ.

ನರ್ಸುಗಳ ಕಷ್ಟ ಇನ್ನೊಂದು ಬಗೆಯದು. ಕರ್ನಾಟಕದಲ್ಲಿ ನರ್ಸಿಂಗ್ ಕಾಲೇಜುಗಳಿಗೆ ಬರವಿಲ್ಲ. ವೈದ್ಯರು ಮನಸ್ಸು ಮಾಡಿದರೆ ಸ್ವಂತ ಕ್ಲಿನಿಕ್ ತೆರೆದಾರು. ನರ್ಸು ತನ್ನ ಕೆಲಸವನ್ನು ಆಸ್ಪತ್ರೆಗೇ ಮಾರಬೇಕು. ಕೊಳ್ಳುವವರು ಕೆಲವರಾಗಿ ಮಾರುವವರು ಹಲವರಾದಾಗ ಒಬ್ಬೊಬ್ಬರೇ ನಡೆಸುವ ಚೌಕಾಸಿಗೆ ಬಲವಿರುವುದಿಲ್ಲ. ಕೇರಳದಲ್ಲಿ ನರ್ಸುಗಳು ಸಂಘ ಕಟ್ಟಿ ಮುಷ್ಕರಕ್ಕಿಳಿದ ಮೇಲೆಯೇ, 2018ರ ಏಪ್ರಿಲ್‌ನಲ್ಲಿ, ಅಲ್ಲಿನ ಸರ್ಕಾರ ಖಾಸಗಿ ಆಸ್ಪತ್ರೆಗಳಲ್ಲಿ ಅವರ ಕನಿಷ್ಠ ಮೂಲ ವೇತನವನ್ನು 20,000 ರೂಪಾಯಿಗೆ ನಿಗದಿ ಮಾಡಿದ್ದು. ನೋಂದಣಿ ಅವರಿಗೆ ಮೊದಲೂ ಇತ್ತು. ಹೊಸದಾಗಿ ಬಂದದ್ದು ಒಗ್ಗಟ್ಟು.

ಹಾಗೆಂದು ಯೂನಿಯನ್ ಸರ್ವರೋಗಕ್ಕೂ ಮದ್ದಲ್ಲ. 1980–81ರಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ನೌಕರರು 77 ದಿನ ಮುಷ್ಕರ ನಡೆಸಿದರು. ಬಿಎಚ್‌ಇಎಲ್ ನೌಕರರಿಗೆ ಸಮನಾದ ವೇತನ ಅವರ ಬೇಡಿಕೆ. ಸಮಾನತೆ ಯೂನಿಯನ್ನಿನ ಸಹಜ ಭಾಷೆ. ಆದರೆ ಅದೇ ಯಂತ್ರದ ಮುಂದೆ ನಿಲ್ಲುವ ಗುತ್ತಿಗೆ ಕಾರ್ಮಿಕನ ಹತ್ತಿರ ಬಂದಾಗ ಎಷ್ಟೋ ಕಡೆ ಆ ಭಾಷೆ ತಡವರಿಸುತ್ತದೆ. ಕಾಯಂ ನೌಕರರನ್ನು ಮಾತ್ರ ಕಾಯುವ ಯೂನಿಯನ್ನಿಗೂ ಬಾಗಿಲು ಹಾಕಿಕೊಂಡ ಕೌನ್ಸಿಲ್ಲಿಗೂ ಹೆಚ್ಚು ದೂರವಿಲ್ಲ.

ಆದ್ದರಿಂದ ಎರಡನ್ನೂ ಒಂದೇ ಪ್ರಶ್ನೆಯಿಂದ ಅಳೆಯಬಹುದು: ಹೆಚ್ಚಿದ ಸಂಬಳ ಯಾರ ಜೇಬಿನಿಂದ ಬರುತ್ತದೆ? ಮಾಲೀಕನ ಲಾಭದಿಂದ ಬಂದರೆ ಅದು ದುಡಿದವರ ಪಾಲು. ಕೆಲಸ ಬಲ್ಲ ಇನ್ನೊಬ್ಬನನ್ನು ಹೊರಗಿಟ್ಟು ಬಂದರೆ ಅದು ಆತನಿಂದ ಕಿತ್ತುಕೊಂಡದ್ದು. ಲೈಸೆನ್ಸ್ ಪರೀಕ್ಷಿಸಬೇಕಾದದ್ದು ಕೆಲಸದ ಅರಿವನ್ನು. ಕೂಲಿ ಕೇಳುವ ಹೊಣೆ ಸಂಘದ್ದು, ಅದೂ ಗುತ್ತಿಗೆಯವರನ್ನು ಸೇರಿಸಿಕೊಂಡು.